ಮಿರಗದ ಮಳೆಗೆ ಬಂದ ಕ್ರಿಸ್‌ಮಸ್

ಆಗೆಲ್ಲ ಹಬ್ಬಗಳು ಕ್ಯಾಲೆಂಡರಿನ ಮಾತನ್ನು ಅಷ್ಟಾಗಿ ಕೇಳುತ್ತಿರಲಿಲ್ಲ ಎಂದರೆ ನೀವು ನಗಬಹುದು. ನಗಿ, ನಾನೇನೂ ಬೇಡ ಅನ್ನುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಒಂದು ವರ್ಷ ಕ್ರಿಸ್‌ಮಸ್ ಬಂದದ್ದು ಡಿಸೆಂಬರಿನಲ್ಲಿ ಅಲ್ಲ, ಜೂನಿನಲ್ಲಿ, ಮಿರಗದ, ಅಂದರೆ ಮೃಗಶಿರಾ ಮಳೆಯ ಜೊತೆಗೆ. ಇದಕ್ಕೆ ನಾನೇ ಸಾಕ್ಷಿ. ಆ ಹಬ್ಬದ ಹುಂಜದ ಕಾಲು ತಿಂದವಳು ನಾನೇ.

ಭಾಲ್ಕಿಯಿಂದ ಔರಾದ್ ಕಡೆಗೆ ಹೋಗುವ ರಸ್ತೆಯ ಮಗ್ಗುಲಿಗೆ ನಮ್ಮೂರು. ನಾಲ್ಕೈದು ಕ್ರೈಸ್ತರ ಮನೆಗಳು, ಹಂಚು ಹೊದಿಸಿದ ಒಂದು ಸಣ್ಣ ಚರ್ಚು, ಅದರ ಮುಂದೆ ಬೇವಿನ ಮರ, ಮರಕ್ಕೆ ಕಟ್ಟಿದ ರೈಲು ಕಂಬಿಯ ತುಂಡು. ಆ ಕಂಬಿ ಬಡಿದರೆ ಅದೇ ನಮ್ಮ ಗಂಟೆ. ಅಪ್ಪ ಗೌಂಡಿ. ಸುತ್ತಲಿನ ಹಳ್ಳಿಗಳಲ್ಲಿ ಅರ್ಧಕ್ಕರ್ಧ ಗೋಡೆಗಳು ಅಪ್ಪನ ಕೈಯವೇ. ಆದರೆ ಅದು ಸಾಲಾಗಿ ಎರಡನೆಯ ಬರದ ವರ್ಷ. ತೊಗರಿ ಹೂವಿನಲ್ಲೇ ಒಣಗಿ ಉದುರಿತ್ತು, ಬಾವಿಯ ತಳದಲ್ಲಿ ನಾವು ಹಿಂದೆ ಯಾವಾಗಲೋ ಬೀಳಿಸಿದ ಕೊಡಗಳು ಕಾಣುತ್ತಿದ್ದವು. ಕುಡಿಯುವ ನೀರಿಗೇ ಟ್ಯಾಂಕರಿನ ದಾರಿ ನೋಡುವ ಊರಲ್ಲಿ ಗಾರೆ ಕಲಸಿ ಮನೆ ಕಟ್ಟಿಸುವ ಪುಣ್ಯಾತ್ಮ ಯಾರು? ದಸರೆ ಮುಗಿದ ಮೇಲೆ ಅಪ್ಪ ಅವ್ವ ಇಬ್ಬರೂ ಪುಣೆಯ ಕಡೆಗೆ ಕಟ್ಟಡದ ಕೆಲಸಕ್ಕೆ ಹೊರಟರು. ನನ್ನ ಸಾಲಿ ಬಿಡಿಸಬಾರದೆಂದು ನನ್ನನ್ನು ಆಯಿಯ ಹತ್ತಿರ ಬಿಟ್ಟರು. ಆಯಿ ಎಂದರೆ ನಮ್ಮ ಕಡೆ ಅಜ್ಜಿ, ಅಪ್ಪನ ತಾಯಿ.

"ಕ್ರಿಸ್‌ಮಸ್ಸಿಗಿ ಬಂದೇ ಬರ್ತೇವಿ," ಎಂದ ಅಪ್ಪ, ಗಂಟು ಹೆಗಲಿಗೇರಿಸುತ್ತಾ. "ಚಿಕ್ಕಿ ನಾನೇ ಕಟ್ತೇನಿ. ನೀ ಕೈ ಹಚ್ಚಬ್ಯಾಡ ಮತ್ತ, ಎಲ್ಲಾ ಸೊಟ್ಟ ಮಾಡ್ತಿ."

ಚಿಕ್ಕಿ ಎಂದರೆ ಹಬ್ಬಕ್ಕೆ ಮನೆ ಮುಂದೆ ಏರಿಸುವ ನಕ್ಷತ್ರ. ಅಪ್ಪ ಅದನ್ನು ಬಿದಿರಿನ ಸೀಳಿನಿಂದ ಅಳತೆ ಹಿಡಿದು ಕಟ್ಟುತ್ತಿದ್ದ. ಬೀದರದ ಅಂಗಡಿಯಿಂದ ತಂದ ಗಾಳಿಪಟದ ಹಾಳೆ ಅಂಟಿಸಿ, ಒಳಗೆ ಕಂದೀಲಿಟ್ಟು, ಉದ್ದನೆಯ ಗಳುವಿನ ತುದಿಗೆ ಏರಿಸಿದರೆ ರಸ್ತೆಯ ತಿರುವಿಗೇ ಕಾಣಬೇಕು. ಗೌಂಡಿಯ ಮನೆಯ ಚಿಕ್ಕಿ ಎಂದರೆ ಐದು ಮೂಲೆಯೂ ಬರಾಬರ್.

ದೀಪಾವಳಿಯ ಹೊತ್ತಿಗೆ ಅರ್ಧ ಊರೇ ಖಾಲಿಯಾಯಿತು. ಹೋಗುವವರೆಲ್ಲ ಬೀಗ ಜಡಿದು ಕೀಲಿಕೈ ತಂದು ಆಯಿಯ ಕೈಗೆ ಕೊಡುವರು. ಲಿಂಗಾಯತರು, ಕುರುಬರು, ನಮ್ಮವರು, ಯಾವ ಮನೆಯವರಾದರೇನು, ಕೀಲಿಕೈ ಮಾತ್ರ ಆಯಿಯ ಸೊಂಟಕ್ಕೆ. ಆಯಿ ನಡೆದರೆ ಝಣಝಣ ಸದ್ದು. ಬೆಳಿಗ್ಗೆ ಎದ್ದವಳೇ ಎಲ್ಲ ಬೀಗದ ಮನೆಗಳ ಹೊಸ್ತಿಲು ಗುಡಿಸಿ ಬರುತ್ತಿದ್ದಳು. ನಾನು ಹಿಂದೆ ಹಿಂದೆ. ಆ ಮನೆಗಳ ನಾಯಿಗಳೂ ನನ್ನ ಹಿಂದೆ.

ಡಿಸೆಂಬರ್ ಶುರುವಿನಲ್ಲಿ ಬಾಬುಮಿಯಾ ಬಂದ. ಭಾಲ್ಕಿ ಸ್ಟೇಷನ್ನಿಗೆ ಜೀಪು ಓಡಿಸುವವನು. ರೈಲಿನಿಂದ ಇಳಿದವರ ಬಾಯಿಂದ ಸುದ್ದಿ ಹಿಡಿದು ಊರೂರಿಗೆ ಹಂಚುವುದು ಅವನ ಪುಕ್ಕಟೆ ಕಸುಬು.

"ಬಡೀ ಮಾ," ಎಂದು ಕೂಗಿದ ಜೀಪಿನಿಂದಲೇ, "ನಿಮ್ಮ ಸೊಸಿ ಹೊಟ್ಟೀಲೆ ಆಗ್ಯಾಳಂತ! ಖುಷ್ ಖಬರ್! ಖರೇ ಒಂದ್ ಮಾತದ. ಹೆರಿಗಿ ಆಗೋತನಕ ರೈಲು, ಬಸ್ಸು ಏನೂ ಹತ್ತಬ್ಯಾಡ ಅಂತ ಡಾಕ್ಟರ್ ಕಡಕ್ ಆಗಿ ಹೇಳ್ಯಾನಂತ. ಹಬ್ಬಕ್ಕ ಬರಂಗಿಲ್ಲ ಅವ್ರು."

ಡಾಕ್ಟರು ಸುಮ್ಮನೆ ಹೇಳಿರಲಿಲ್ಲ. ನನ್ನ ಬೆನ್ನಿಗೆ ಅವ್ವ ಎರಡು ಸಲ ಬಸಿರಾಗಿದ್ದಳು, ಎರಡು ಸಲವೂ ನಿಲ್ಲದೆ ಹೋಗಿತ್ತು. ಆಮೇಲೆ ವರ್ಷಗಟ್ಟಲೆ ಏನೂ ಇಲ್ಲ. ಪ್ರತಿ ಸಂಜೆ ಪ್ರಾರ್ಥನೆಯಲ್ಲಿ ಆಯಿ ಅದನ್ನೇ ಕೇಳುವಳು, ಅವ್ವ ತಲೆ ತಗ್ಗಿಸಿ ಕೂರುವಳು, ನಾನು ಆಮೆನ್ ಹೇಳಿ ಹೇಳಿ ಬೇಸತ್ತಿದ್ದೆ. ಈಗ ಬಾಬುಮಿಯಾನ ಮಾತು ಕೇಳಿ ನಾನು ಅಂಗಳದಲ್ಲಿ ಕುಣಿದೆ. ಆಮೇಲೆ ಅವನ ಮಾತಿನ ಎರಡನೆಯ ಅರ್ಧ ತಲೆಗೆ ಹೋಯಿತು. ಅಲ್ಲೇ ಕೂತು ಗೊಳೋ ಎಂದು ಅತ್ತೆ.

ಆಯಿ ಕುಣಿಯಲೂ ಇಲ್ಲ, ಅಳಲೂ ಇಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ತೀರ್ಪು ಕೊಟ್ಟಳು. "ಹಂಗಾರ ಈ ಸಲ ನಮ್ಮ ಮನ್ಯಾಗ ಹಬ್ಬ ಅವ್ರು ಬಂದ ಮ್ಯಾಲ. ಚಿಕ್ಕಿ ಏರಸೋಣು. ಕೂಸಿನ ಕರಕೊಂಡು ಅವ್ರು ಬರೋತನಕ ಇಳಸೋದು ಬ್ಯಾಡ."

"ಮತ್ತ ಕರ್ಚಿಕಾಯಿ?" ಎಂದೆ ನಾನು.

"ಅವ್ರು ಬಂದ ಮ್ಯಾಲ."

"ನನ್ನ ಹೊಸ ಫ್ರಾಕು?"

"ಬಂದ ಮ್ಯಾಲ."

"ಹುಂಜ?"

"ಅದೂ ಕಾಯ್ತದ. ಅದಕ್ಕೇನ್ ಅವಸರ ಅದ?"

ಹುಂಜಕ್ಕೆ ಅವಸರವಿರಲಿಲ್ಲ ನಿಜ. ಹಬ್ಬಕ್ಕೆಂದೇ ಬೆಳೆಸಿದ ಕೆಂಪು ಹುಂಜ ಅದು. ಸರಿಯಾಗಿ ಇಪ್ಪತ್ತೈದಕ್ಕೆ ಸಾರಾಗಬೇಕಿದ್ದದ್ದು ಈಗ ಎದೆ ಉಬ್ಬಿಸಿಕೊಂಡು ಅಂಗಳದಲ್ಲಿ ತಿರುಗಾಡಿತು. ಜೋಳ, ಬೆಲ್ಲ, ಎಳ್ಳು, ಕೊಬ್ಬರಿ ಎಲ್ಲ ತಗಡಿನ ಡಬ್ಬಿ ಸೇರಿ ಅಟ್ಟ ಹತ್ತಿದವು. ಅಟ್ಟದ ಕೆಳಗೆ ನಿಂತು ಮೂಗು ಮೇಲೆತ್ತಿದರೆ ಬೆಲ್ಲದ ವಾಸನೆ ಬರುತ್ತಿತ್ತು. ನಾನು ದಿನಕ್ಕೆ ಹತ್ತು ಸಲ ಅಲ್ಲಿ ನಿಲ್ಲುತ್ತಿದ್ದೆ.

ಚಿಕ್ಕಿಯನ್ನು ನಾನೂ ಆಯಿಯೂ ಸೇರಿ ಕಟ್ಟಿದೆವು. ಅಪ್ಪ ಹೇಳಿದ್ದು ಸುಳ್ಳಾಗಲಿಲ್ಲ. ಒಂದು ಕಾಲು ಉದ್ದ, ಒಂದು ಗಿಡ್ಡ, ಮೂರನೆಯದು ಬಾಗಿ ಮೇಲಕ್ಕೆದ್ದಿತ್ತು. ಗಳುವಿನ ತುದಿಗೇರಿಸಿ ಕೆಳಗೆ ನಿಂತು ನೋಡುತ್ತಿದ್ದಾಗ ಪಕ್ಕದ ಮನೆಯ ನೀಲಮ್ಮ ಬಂದಳು. ಹಣೆತುಂಬ ವಿಭೂತಿ, ಬಾಯಿತುಂಬ ಎಲೆಯಡಿಕೆ. ಆಯಿಯ ಬಾಲ್ಯದ ಗೆಳತಿ.

"ಯಕ್ಕಾ, ಇದು ಚಿಕ್ಕಿ ಅಲ್ಲ, ಚೇಳು!" ಎಂದಳು. "ನಿಮ್ಮ ಸ್ವಾಮಿ ಹುಟ್ಟಿದಾಗ ಚಿಕ್ಕಿ ನೋಡ್ಕೋತ ಬಂದ ಶಾಣ್ಯಾರು ಇದನ್ನ ಕಂಡ್ರ ಹಿಂದಕ್ಕ ಓಡಿ ಹೋಗ್ತಾರ, ನೋಡ್ತಿರು."

ಕ್ರಿಸ್‌ಮಸ್ ದಿನ ಚರ್ಚಿಗೆ ಹೋದೆವು, ಹಾಡಿದೆವು, ಎಲ್ಲರಿಗೂ ಶುಭಾಶಯ ಹೇಳಿದೆವು. ಮನೆಗೆ ಬಂದು ಎಂದಿನ ರೊಟ್ಟಿ, ಬ್ಯಾಳಿ. ಮಧ್ಯಾಹ್ನ ಪಾಸ್ಟರ್ ಸಾಹೇಬರು ಮನೆಮನೆ ಭೇಟಿ ಮಾಡುತ್ತಾ ನಮ್ಮಲ್ಲಿಗೂ ಬಂದರು. ಭಾಲ್ಕಿಯಿಂದ ಸೈಕಲ್ ತುಳಿದು ಬರುವ ತೆಳ್ಳನೆಯ ಮನುಷ್ಯ, ನಗು ಮಾತ್ರ ದಪ್ಪ. ಕರ್ಚಿಕಾಯಿಯ ತಟ್ಟೆ ಬರಲಿಲ್ಲವಲ್ಲ ಎಂದು ಅವರು ಒಳಗೊಮ್ಮೆ ಇಣುಕಿದರು. ಆಯಿ ವಿಷಯ ಹೇಳಿದಳು.

"ಅಲ್ಲಮ್ಮಾ, ಹಬ್ಬ ಮುಂದ ಹಾಕೋದು ಹ್ಯಾಂಗ್ರಿ? ತಾರೀಕು ಅಂದ್ರ ತಾರೀಕು."

"ಸ್ವಾಮಿ ಹುಟ್ಟಿದ ತಾರೀಕು ನಿಮಗ ಪಕ್ಕಾ ಗೊತ್ತದೇನ್ರಿ ಸಾಹೇಬ್ರ?"

ಪಾಸ್ಟರ್ ಸಾಹೇಬರು ಗಂಟಲು ಸರಿಮಾಡಿಕೊಂಡರು. "ಪಕ್ಕಾ ಅಂತ... ಯಾರಿಗೂ ಗೊತ್ತಿಲ್ರಿ."

"ಹಂಗಾರ ನಮ್ಮ ಮನ್ಯಾಗ ಕೂಸು ಬಂದ ದಿನಾನೇ ಅಂತ ತಿಳ್ಕೊಳ್ರಿ. ಚಾ ಕುಡೀರಿ, ಆರ್ತದ."

ಹೊಸ ವರ್ಷ ಕಳೆದು ಉಳಿದವರ ಚಿಕ್ಕಿಗಳು ಇಳಿದವು. ನಮ್ಮದು ಇಳಿಯಲಿಲ್ಲ. ಸೀಮೆಎಣ್ಣೆ ರೇಷನ್ನಿನದು, ಆದ್ದರಿಂದ ದಿನಾ ಸಂಜೆ ಊಟದ ಹೊತ್ತಿನಷ್ಟು ಮಾತ್ರ ಕಂದೀಲು ಹಚ್ಚುವುದು. ಸಂಕ್ರಾಂತಿಗೆ ನೀಲಮ್ಮ ಎಳ್ಳು ಕೊಡಲು ಬಂದಾಗಲೂ ಚಿಕ್ಕಿ ಇತ್ತು, ಹೋಳಿಗೆ ಹುಡುಗರು ಬಣ್ಣ ಎರಚಿದಾಗಲೂ ಇತ್ತು. ಹಾಳೆ ಹರಿಯತೊಡಗಿತು. ನಾನು ತೇಪೆ ಹಾಕತೊಡಗಿದೆ. ಮೊದಲು ಸಾಬೂನಿನ ಕಾಗದ, ಆಮೇಲೆ ಎಲೆಕ್ಷನ್ ಪೋಸ್ಟರಿನ ತುಂಡು. ಅದರಲ್ಲಿ ಯಾರೋ ಸಾಹುಕಾರರ ಅರ್ಧ ಮೀಸೆ ಇತ್ತು, ರಾತ್ರಿ ದೀಪ ಹಚ್ಚಿದರೆ ಆ ಮೀಸೆ ಜಗಜಗಿಸುತ್ತಿತ್ತು. ನೀಲಮ್ಮ ತಮ್ಮ ಮನೆಯ ಮದುವೆಯಲ್ಲಿ ಉಳಿದ ಗುಲಾಬಿ ಹಾಳೆ ಕೊಟ್ಟಳು. ಬಾಬುಮಿಯಾ ಈದ್‌ನ ಹಸಿರು ಝಾಲರಿ ತಂದುಕೊಟ್ಟು, ಇದು ಮೇಲಿನ ಮೂಲೆಗೇ ಬರಬೇಕು ಎಂದು ಹಟ ಹಿಡಿದ. ನೀರಿನ ಟ್ಯಾಂಕರಿನವನು ಗುರುತು ಕೇಳಿದರೆ ಊರವರು "ಚೇಳಿನ ಚಿಕ್ಕಿ ಮನಿ ಮುಂದ ನಿಲ್ಲಸು" ಎನ್ನುತ್ತಿದ್ದರು. ಟ್ಯಾಂಕರು ನಮ್ಮ ಬಾಗಿಲಿಗೇ ನಿಂತದ್ದರಿಂದ ಸಾಲಿನಲ್ಲಿ ನಮ್ಮ ಕೊಡವೇ ಮೊದಲು. ತಡವಾದ ಹಬ್ಬದಿಂದ ನನಗಾದ ಮೊದಲ ಲಾಭ ಅದು.

ಈಸ್ಟರ್ ಬಂತು. ಆರಾಧನೆ ಮುಗಿದು ಹೊರಬರುವಾಗ ಪಾಸ್ಟರ್ ಸಾಹೇಬರು ಆಯಿಯನ್ನು ಹಿಡಿದು ನಿಲ್ಲಿಸಿದರು. "ಏನ್ರಮ್ಮಾ, ಸ್ವಾಮಿ ಸತ್ತು ಎದ್ದು ಬಂದ್ರು. ನಿಮ್ಮ ಮನ್ಯಾಗ ಇನ್ನಾ ಹುಟ್ಟೇ ಇಲ್ಲಲ್ರಿ!"

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಆಯಿಯೂ ನಕ್ಕಳು. ನನಗೆ ಮಾತ್ರ ನಿಜವಾಗಿ ಭಯವಾಯಿತು. ಹುಟ್ಟುವ ಮೊದಲೇ ಎದ್ದು ಬಂದರೆ ಲೆಕ್ಕ ತಪ್ಪುವುದಿಲ್ಲವೇ? ದಾರಿಯಲ್ಲಿ ಆಯಿಯನ್ನು ಕೇಳಿದೆ.

"ಅವನ ಲೆಕ್ಕ ನೀ ಯಾಕ ಮಾಡ್ತಿ? ಮೊದ್ಲ ನಿನ್ನ ಸಾಲಿ ಲೆಕ್ಕ ಬರಾಬರ್ ಮಾಡು," ಎಂದಳು.

ಬಿಸಿಲು ಏರಿತು. ಸಂಜೆ ಕಟ್ಟೆಯ ಮೇಲೆ ಕೂತು ಆಯಿ ಹಳೆಯ ಸೀರೆಯ ಮೆತ್ತನೆ ತುಂಡುಗಳಿಂದ ಕುಂಚಿಗೆ ಹೊಲಿಯುವಳು. ಕೂಸಿನ ತಲೆಗೆ ಕಟ್ಟುವ ಕುಂಚಿಗೆ. ಒಂದು ಸಂಜೆ ನೀಲಮ್ಮ ದನಿ ತಗ್ಗಿಸಿ, "ಯಕ್ಕಾ, ಒಂದ್ ಹರಕಿ ಹೊತ್ತಬಿಡು. ನಿಮ್ಮ ದೇವ್ರಿಗೇ ಹೊರು, ನಾ ಏನ್ ಬ್ಯಾರೆ ದೇವ್ರಿಗಿ ಅಂದೆನೇನ?" ಎಂದಳು. ಅವಳಿಗೂ ಅವ್ವನ ಮೇಲೆ ಜೀವ.

ಆಯಿ ಸೂಜಿಯ ದಾರ ಹಲ್ಲಿನಿಂದ ಕಡಿದಳು. "ಹರಕಿ ಹೊತ್ರ ನಾ ಅವಂಗ ತಾರೀಕು ಕೊಟ್ಟಂಗ ಆಗ್ತದ ನೀಲಾ. ತಾರೀಕು ಅವ ಕೊಡಬೇಕು. ನಂದೇನಿದ್ರ ದೀಪ ಹಚ್ಚೋ ಕೆಲಸ."

ನನಗೆ ಆಗ ಆ ಮಾತು ಇಷ್ಟವಾಗಲಿಲ್ಲ. ದೇವರು ಬೇಗ ಒಂದು ತಾರೀಕು ಕೊಟ್ಟುಬಿಟ್ಟರೆ ಅವರ ಗಂಟೇನು ಹೋಗುತ್ತಿತ್ತು ಎಂದು ಸಿಟ್ಟು ಬಂತು.

ಮೇ ತಿಂಗಳ ನಡುವೆ ಬಾಬುಮಿಯಾ ಕೊನೆಯ ಸುದ್ದಿ ತಂದ. ಈ ಸಲ ಜೀಪಿನಿಂದ ಕೂಗಲಿಲ್ಲ, ಇಳಿದು ಬಂದು ಕಟ್ಟೆಯ ಮೇಲೆ ಕೂತ. "ದವಾಖಾನಿಗಿ ಸೇರಿಸ್ಯಾರಂತ, ಬಡೀ ಮಾ. ದಿನಾ ತುಂಬೋಕಿನ ಮೊದಲೇ. ಮುಂದಿಂದು ಯಾರಿಗೂ ಗೊತ್ತಿಲ್ಲ. ಜೋಡಿ ಇದ್ದೋರೆಲ್ಲಾ ಕೆಲಸ ಬಿಟ್ಟು ಹೊಂಟು ಬಂದಾರ."

ಅಪ್ಪ ಅವ್ವನ ಜೊತೆ ಕೆಲಸಕ್ಕೆ ಹೋದವರು ನಿಜವಾಗಿಯೂ ಬರತೊಡಗಿದರು. ಮಿರಗ ಸಮೀಪಿಸಿತ್ತು, ಬಿತ್ತಿಗೆಯ ಆಸೆ. ಒಂದೊಂದೇ ಮನೆಯ ಬೀಗ ತೆಗೆಯಿತು, ಒಂದೊಂದೇ ಒಲೆ ಹೊಗೆಯಾಡಿತು. ಬಂದವರು ಆಯಿಗೆ ಪುಣೆಯ ಖಾರದ ತಿಂಡಿ ಬಾಕರವಡಿ ಒಂದಿಷ್ಟು ಕೊಟ್ಟು ತಮ್ಮ ಕೀಲಿಕೈ ಬಿಡಿಸಿಕೊಂಡು ಹೋದರು. ನಾನು ಬಾಕರವಡಿ ತಿನ್ನುತ್ತಾ ಆಯಿಯ ಸೊಂಟ ನೋಡುತ್ತಿದ್ದೆ. ಗೊಂಚಲು ಕರಗುತ್ತಾ ಬಂತು. ಕೊನೆಗೆ ನಮ್ಮ ಮನೆಯ ಕೀಲಿಕೈ ಒಂದೇ ಉಳಿಯಿತು. ಒಂದೇ ಕೀಲಿಕೈ ಸದ್ದು ಮಾಡುವುದಿಲ್ಲ. ಆಯಿ ನಡೆದರೆ ಈಗ ಏನೂ ಕೇಳುತ್ತಿರಲಿಲ್ಲ.

ಎಲ್ಲರ ಮಂದಿ ಬಂದರು, ನಮ್ಮವರು ಬರಲಿಲ್ಲ. ನೀಲಮ್ಮ ಚೇಳಿನ ತಮಾಷೆ ಬಿಟ್ಟಳು.

ಜೂನಿನ ಮೊದಲ ವಾರ, ಒಂದು ಇಳಿಮಧ್ಯಾಹ್ನ, ಹುಚ್ಚು ಗಾಳಿ ಎದ್ದಿತು. ಮಳೆಯಿಲ್ಲ, ಬರೀ ಧೂಳು. ತಗಡು ಹಾರಿದವು, ಹುಂಜ ಒಲೆಯ ಹಿಂದೆ ಅವಿತಿತು. ಗಾಳಿ ನಿಂತು ಹೊರಗೆ ಬಂದು ನೋಡಿದರೆ ಗಳುವು ಅಡ್ಡ ಬಿದ್ದಿತ್ತು. ಚಿಕ್ಕಿಯ ಮೇಲೆ ಒಂದು ಚೂರೂ ಹಾಳೆ ಇರಲಿಲ್ಲ. ಗುಲಾಬಿ, ಹಸಿರು, ಸಾಹುಕಾರರ ಮೀಸೆ, ಎಲ್ಲ ಎಲ್ಲಿಗೋ ಹಾರಿಹೋಗಿತ್ತು. ಉಳಿದದ್ದು ಬಿದಿರಿನ ಸೀಳುಗಳು ಮಾತ್ರ.

ಆಯಿ ಅದರ ಮುಂದೆ ನೆಲದಲ್ಲಿ ಕೂತಳು. ಅವಳು ಹಾಗೆ ಧೂಳಿನಲ್ಲಿ ಕೂತದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

"ಸಾಕವ್ವಾ," ಎಂದಳು. "ಒಲಿಗಿ ಹಾಕಿಬಿಡು ಇವನ್ನ."

"ಯಾಕ?"

"ಯಾಕಂದ್ರ... ಎಷ್ಟಂತ ಕಾಯೋದು? ಏನಾಗ್ಯದೋ ಏನೋ ಅಲ್ಲಿ. ನನ್ನ ಮಗ ಹ್ಯಾಂಗ ಅದಾನೋ, ಆ ಹುಡುಗಿ ಹ್ಯಾಂಗ ಅದಾಳೋ..." ಆಯಿ ಬಿಕ್ಕಿಬಿಕ್ಕಿ ಅತ್ತಳು.

ಆರು ತಿಂಗಳು ಅಟ್ಟದ ಕೆಳಗೆ ನಿಂತು ಕೊಸರಾಡಿದವಳು ನಾನು, ಹಬ್ಬ ಯಾವಾಗ, ಯಾವಾಗ ಎಂದು ಜೀವ ತಿಂದವಳೂ ನಾನೇ. ಆದರೆ ಆಯಿ ಅಳುವುದನ್ನು ಕಂಡು ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆಯಿಯೇ ಹೀಗೆ ಕೂತರೆ ಮುಂದೆ ಯಾರ ಸೆರಗು ಹಿಡಿಯುವುದು?

"ತಾರೀಕು ಅವ ಕೊಡಬೇಕು ಅಂದಿದ್ದಿ!" ಎಂದು ಕೂಗಿದೆ. "ಕೊಟ್ಟಾನೇನ ಇನ್ನಾ? ಕೊಟ್ಟಿಲ್ಲ! ಮತ್ತ ನೀ ಯಾಕ ಇಳಸ್ತಿ? ನಿಂದು ದೀಪ ಹಚ್ಚೋ ಕೆಲಸ ಅಂತ ನೀನೇ ಅಂದಿ. ಏಳು, ಹಚ್ಚು!"

ಆಯಿಗೆ ಹಾಗೆ ಮಾತಾಡಿದವರು ಯಾರೂ ಇರಲಿಲ್ಲ. ಕಪಾಳಕ್ಕೆ ಬೀಳುತ್ತದೆಂದು ನಾನು ಕಣ್ಣು ಮುಚ್ಚಿದೆ. ಕಣ್ಣು ತೆರೆದಾಗ ಆಯಿ ಕಣ್ಣೀರಿನ ನಡುವೆ ನಗುತ್ತಿದ್ದಳು.

"ಎಲಾ ಇವಳ! ನನ್ನ ಮಾತು ನನಗೇ ಹೊಳ್ಳಿ ಹೇಳ್ತಾಳ ನೋಡು," ಎಂದು ನನ್ನನ್ನು ಎದೆಗೆ ಒತ್ತಿಕೊಂಡಳು. ನೀಲಮ್ಮನೂ ಬಂದಳು. ಮೂವರೂ ಸೇರಿ ಗಳು ನಿಲ್ಲಿಸಿ ಬರೀ ಬಿದಿರಿನ ಚಿಕ್ಕಿಯನ್ನೇ ಏರಿಸಿದೆವು. ಹಾಳೆಯಿಲ್ಲದ್ದಕ್ಕೆ ಕಂದೀಲಿನ ಬೆಳಕು ಮೊದಲಿಗಿಂತ ಹೆಚ್ಚು ದೂರ ಹೋಗುತ್ತಿತ್ತು.

ಅದಾದ ಮೇಲೆ ಒಂದು ವಾರವೂ ಆಗಿರಲಿಕ್ಕಿಲ್ಲ. ಬೆಳಿಗ್ಗೆಯಿಂದ ಮೋಡ ಕವಿದು, ಹೊತ್ತು ಮುಳುಗುವ ಮುಂದೆ ಮಿರಗದ ಮೊದಲ ಹನಿಗಳು ಬಿದ್ದವು. ಕಾದ ನೆಲದ ವಾಸನೆ ಎದ್ದು ಮೂಗಿಗೆ ಬಡಿಯಿತು. ಇಡೀ ಊರು ಅಂಗಳಕ್ಕಿಳಿದು ನೆನೆಯುತ್ತಿತ್ತು. ಅಷ್ಟರಲ್ಲಿ ತಿರುವಿನಿಂದ ಬಾಬುಮಿಯಾನ ಜೀಪು ಹಾರ್ನ್ ಒತ್ತುತ್ತಲೇ ಬಂತು. ಕೈ ತೆಗೆಯದೆ ಒತ್ತುತ್ತಿದ್ದ, ಮದುವೆ ದಿಬ್ಬಣದವರ ಹಾಗೆ.

ಮೊದಲು ಅಪ್ಪ ಇಳಿದ. ಬಡಕಲಾಗಿದ್ದ, ಗಡ್ಡ ಬೆಳೆದಿತ್ತು. ಇಳಿದವನೇ ತಲೆಯೆತ್ತಿ ನೋಡಿ, "ಯಾರ್ ಕಟ್ಯಾರ ಈ ಚಿಕ್ಕಿ? ಒಂದ್ ಕಾಲೂ ಬರಾಬರ್ ಇಲ್ಲ!" ಎಂದ. ಆಮೇಲೆ ಮುಖ ತಿರುಗಿಸಿಕೊಂಡು ತೋಳಿನಿಂದ ಕಣ್ಣು ಒರೆಸಿಕೊಂಡ.

ಅವನ ಹಿಂದೆ ಅವ್ವ. ಎದೆಗೆ ಅವಚಿಕೊಂಡ ಗಂಟು. ಗಂಟಿನೊಳಗಿಂದ ಹುಂಜಕ್ಕಿಂತ ಜೋರಾದ ಅಳು. ದಿನ ತುಂಬುವ ಮೊದಲೇ ಹುಟ್ಟಿದ ಕೂಸು, ಹೆಣ್ಣು. ಉಸಿರು ಹಿಡಿಯಲಿ ಎಂದು ದವಾಖಾನೆಯವರು ಇಷ್ಟು ದಿನ ಇಟ್ಟುಕೊಂಡಿದ್ದರಂತೆ. ಆಯಿ ಕುಂಚಿಗೆ ತಂದು ಕಟ್ಟಿದಳು. ಕುಂಚಿಗೆ ದೊಡ್ಡದಾಗಿ ತಂಗಿಯ ಮೂಗಿನ ತನಕ ಮುಚ್ಚಿತು.

ಅವ್ವ ಕಟ್ಟೆಯ ಮೇಲೆ ಕೂತು, ನನ್ನ ತಲೆ ಸವರುತ್ತಾ ಕೇಳಿದಳು. "ಅತ್ತಿ, ಈ ಸಲ ಹಬ್ಬ ಹ್ಯಾಂಗಾತ್ರಿ? ನಾವು ಬರಲಿಲ್ಲಂತ ಬ್ಯಾಸರ ಮಾಡ್ಕೊಂಡ್ರೇನು?"

"ಹಬ್ಬ ಎಲ್ಲಿ ಆಗ್ಯದ?" ಎಂದಳು ಆಯಿ. "ಹಬ್ಬ ನಾಳಿಗಿ ಅದ."

ಮರುದಿನ ಸುರಿಯುವ ಮಳೆಯಲ್ಲಿ ನಾವು ಕ್ರಿಸ್‌ಮಸ್ ಮಾಡಿದೆವು. ಪಾಸ್ಟರ್ ಸಾಹೇಬರು ಕೆಸರಿನಲ್ಲಿ ಸೈಕಲ್ ಹೊತ್ತುಕೊಂಡು ಬಂದು ಡಿಸೆಂಬರಿನ ಹಾಡುಗಳನ್ನೇ ಹಾಡಿಸಿದರು. ನೀಲಮ್ಮ ಕರ್ಚಿಕಾಯಿ ಮಡಚಲು ಕೂತಳು. ಬಾಬುಮಿಯಾ ಹುಂಜ ಕೊಯ್ದುಕೊಟ್ಟ. ನಾನು ಅದಕ್ಕಾಗಿ ಸ್ವಲ್ಪ ಅತ್ತೆ, ಆರು ತಿಂಗಳ ಸ್ನೇಹ ನೋಡಿ. ಆಮೇಲೆ ಕಾಲು ನನಗೇ ಬೇಕೆಂದೆ. ಹುಂಜ ಮುದಿಯಾಗಿತ್ತು, ಎಷ್ಟು ಕುದಿಸಿದರೂ ಬೇಯಲೊಲ್ಲದು. ಮಧ್ಯಾಹ್ನದ ಊಟ ಸಂಜೆಯಾಯಿತು.

"ಇದೂ ತನ್ನ ಟೈಮಿಗೇ ಬೇಯ್ತದ," ಎಂದು ಅಪ್ಪ ಹೇಳಿದಾಗ ಪಾಸ್ಟರ್ ಸಾಹೇಬರು ನಕ್ಕ ನಗೆಗೆ ಮಲಗಿದ್ದ ತಂಗಿ ಎದ್ದಳು. ಊಟದ ಮೇಲೆ ಆಯಿ ತಾನೇ ಗಳು ಇಳಿಸಿ ಚಿಕ್ಕಿ ಬಿಚ್ಚಿದಳು. ಸೊಂಟದ ಕೀಲಿಕೈ ತೆಗೆದು ಅವ್ವನ ಕೈಗಿಟ್ಟಳು.

ಈಗ ಆಯಿ ಇಲ್ಲ, ನೀಲಮ್ಮ ಇಲ್ಲ. ಬೀದರದ ನನ್ನ ಮನೆಯ ಬಾಗಿಲಿಗೆ ಅಂಗಡಿಯ ಚಿಕ್ಕಿ ಬರುತ್ತದೆ. ಪ್ಲಾಸ್ಟಿಕ್ಕಿನದು, ಐದೂ ಕಾಲು ಬರಾಬರ್, ಗುಂಡಿ ಒತ್ತಿದರೆ ಬಣ್ಣ ಬದಲಾಗುತ್ತದೆ. ಡಿಸೆಂಬರ್ ಒಂದಕ್ಕೆ ಏರಿದರೆ ಜನವರಿ ಎರಡಕ್ಕೆ ಡಬ್ಬಿ ಸೇರಬೇಕು. ಹಬ್ಬ ಯಾರಿಗೂ ಕಾಯುವುದಿಲ್ಲ. ಬಂದವರು ಉಣ್ಣುತ್ತಾರೆ, ಬಾರದವರಿಗೆ ಫೋಟೊ ಹೋಗುತ್ತದೆ. ನಾವು ಯಾವುದಕ್ಕೂ ಕಾಯದೆ ಬದುಕುವುದನ್ನು ಕಲಿತಿದ್ದೇವೆ. ಪ್ರಾರ್ಥನೆ ಮುಗಿಸಿ ಕಣ್ಣು ತೆರೆಯುವುದರೊಳಗೆ ಉತ್ತರ ಬಂದಿರಬೇಕು.

ಮಿರಗದ ಮಳೆಗೆ ಬಂದ ಆ ತಂಗಿ ಈಗ ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸ್. ದಿನ ತುಂಬದೆ ಹುಟ್ಟಿದ ಕೂಸುಗಳನ್ನೇ ನೋಡಿಕೊಳ್ಳುತ್ತಾಳೆ. ಕಳೆದ ಕ್ರಿಸ್‌ಮಸ್ಸಿಗೆ ಅವಳಿಗೆ ರಜೆ ಸಿಗಲಿಲ್ಲ. ಸಂಜೆ ಫೋನ್ ಮಾಡಿದಳು.

"ಯಕ್ಕಾ, ಹಬ್ಬ ಆತೇನು?"

"ಆತವ್ವಾ, ಚೊಲೋ ಆತು," ಎಂದೆ ನಾನು.

ಆಯಿ ಇದ್ದಿದ್ದರೆ ನನ್ನ ಕಿವಿ ಹಿಂಡುತ್ತಿದ್ದಳು.